ಅಮ್ಮನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು

ಅಮ್ಮನ ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ತೆಗೆದ ಮಾದರಿಯ ರಿಪೋರ್ಟು ಉಡುಪಿಯಿಂದ ಹೊರಟು ಮುಂಬಯಿ, ಮಸ್ಕತ್, ಜರ್ಮನಿ ಸುತ್ತಿ, ಉಡುಪಿಯಲ್ಲೇ ಇದ್ದ ಅಮ್ಮನಿಗೆ ತಲುಪಲು ಹಿಡಿದದ್ದು ಒಂದು ಹಗಲು, ಒಂದು ರಾತ್ರಿ. ಆಸ್ಪತ್ರೆಯಿಂದ ನಮ್ಮ ಮನೆಗೆ ಸಿಟಿ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಕಳುಹಿಸು ಎಂದು ಹಟ ಹಿಡಿದವಳು ನಾನೇ. ತಮ್ಮ ಕೌಂಟರಿನಲ್ಲಿ ಕಾಗದ ಪಡೆದು, ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು, ನನಗೊಬ್ಬಳಿಗೆ ಕಳುಹಿಸುವ ಬದಲು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಹೇಗೂ ಎಲ್ಲರೂ ಕೇಳುತ್ತಾರಲ್ಲ ಎನ್ನುವುದು ಅವನ ಲೆಕ್ಕ. ಗುಂಪಿನಲ್ಲಿ 43 ಮಂದಿ. ಬಟನ್ ಫೋನಿನ ಅಮ್ಮ ಅದರಲ್ಲಿ ಇಲ್ಲ. ಹಾಳೆಯ ತಲೆಯಲ್ಲಿ ಅವಳ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು, ಆಸ್ಪತ್ರೆಯ ದಾಖಲೆ ಸಂಖ್ಯೆ. (ಇದನ್ನು ಬರೆಯಲು ಅಮ್ಮ ಒಪ್ಪಿದ್ದಾಳೆ. ವಯಸ್ಸು ಮಾತ್ರ ಹಾಕಬಾರದಂತೆ.)

ರಿಪೋರ್ಟಿನ ಕೊನೆಯಲ್ಲಿ ಇದ್ದದ್ದು ‘ಬೆಥೆಸ್ಡಾ, ಮೂರನೆಯ ವರ್ಗ’. ಥೈರಾಯ್ಡ್ ಗಂಟಿನ ಜೀವಕೋಶಗಳನ್ನು ಈ ಪದ್ಧತಿಯಲ್ಲಿ ಒಂದರಿಂದ ಆರರವರೆಗೆ ವಿಂಗಡಿಸುತ್ತಾರೆ. ಎರಡು ಎಂದರೆ ನಿರಪಾಯ, ಆರು ಎಂದರೆ ಕ್ಯಾನ್ಸರ್. ಮೂರು ಎಂದರೆ ಹೀಗೇ ಎಂದು ಹೇಳಲಾಗದು; ಸಾಮಾನ್ಯವಾಗಿ ಸ್ವಲ್ಪ ಕಾಲ ಬಿಟ್ಟು ಮತ್ತೊಮ್ಮೆ ಸೂಜಿ ಹಾಕಿ ನೋಡುತ್ತಾರೆ. ಮುಂಬಯಿಯ ಚಿಕ್ಕಮ್ಮ ಈ ವರ್ಗವನ್ನು ಹಂತ ಎಂದು ಓದಿಕೊಂಡರು. ಮೂರನೆಯ ಹಂತದ ಕ್ಯಾನ್ಸರ್! ರಾತ್ರಿಯೆಲ್ಲ ಅತ್ತು, ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿ, ‘ಅಕ್ಕ, ಧೈರ್ಯ ಬಿಡಬೇಡ’ ಎಂದರು. ಯಾವುದಕ್ಕೆ ಧೈರ್ಯ ಎಂದು ಅಮ್ಮನಿಗೆ ತಿಳಿಯಲಿಲ್ಲ. ಅವಳು ಆಗ ದೋಸೆ ಹೊಯ್ಯುತ್ತಿದ್ದಳು.

ಜರ್ಮನಿಯ ಆಸ್ಪತ್ರೆಯಲ್ಲಿ ನಾನು ರಾತ್ರಿ ಪಾಳಿ ಮುಗಿಸಿ ಟ್ರಾಮ್ ಕಾಯುತ್ತಿದ್ದಾಗ ಅಮ್ಮ ಕರೆ ಮಾಡಿಸಿದಳು. ‘ನನಗೆ ಏನೋ ಆಗಿದೆಯಂತೆ. ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿದೆ. ನಿನಗೂ ಗೊತ್ತಿತ್ತೋ?’

ಗೊತ್ತಿತ್ತು. ಅಷ್ಟೇ ಅಲ್ಲ, ಹಿಂದಿನ ಸಂಜೆಯೇ ಅದನ್ನು ನನ್ನ ವಾರ್ಡಿನ ವೈದ್ಯೆಯೊಬ್ಬರಿಗೆ ತೋರಿಸಿದ್ದೆ. ಅವರು ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ. ‘ನೀನು ನನಗೆ ತೋರಿಸುತ್ತಿರುವುದು ನಿನ್ನ ತಾಯಿಗೆ ಗೊತ್ತೇ?’ ಎಂದು ಕೇಳಿದರು. ಅಮ್ಮನಿಗೆ ನಾನಲ್ಲದೆ ಇನ್ಯಾರು ಎಂದು ಒಳಗೊಳಗೇ ಸಿಟ್ಟು ಬಂತು. ಹೆಸರು, ಹುಟ್ಟಿದ ದಿನ ಎಲ್ಲ ಕತ್ತರಿಸಿ ಉಳಿದ ಭಾಗವನ್ನಷ್ಟೇ ತೋರಿಸು ಎಂದರು. ಕತ್ತರಿಸಿದೆ, ಮುಖ ಊದಿಸಿಕೊಂಡೇ.

ಆದರೆ ಇದೇ ಕೆಲಸವನ್ನು ಬೇರೆಯವರ ಮಕ್ಕಳಿಗೆ ನಾನು ದಿನವೂ ಮಾಡುತ್ತೇನೆ. ತಂದೆ ಹೇಗಿದ್ದಾರೆ ಎಂದು ಮಗ ಫೋನಿನಲ್ಲಿ ಕೇಳಿದರೆ, ಆ ತಂದೆ ಒಪ್ಪಿಗೆ ಕೊಟ್ಟಿರದಿದ್ದರೆ, ನಾನು ಏನೂ ಹೇಳುವಂತಿಲ್ಲ. ಜರ್ಮನರು ಇದಕ್ಕೆ ‘ಶ್ವೈಗೆಫ್ಲಿಶ್ಟ್’ ಎನ್ನುತ್ತಾರೆ. ಬಿಡಿಸಿದರೆ ‘ಸುಮ್ಮನಿರುವ ಕರ್ತವ್ಯ’. ರೋಗಿಯ ಗುಟ್ಟು ಬಿಟ್ಟುಕೊಟ್ಟ ವೈದ್ಯರಿಗೂ ನರ್ಸಿಗೂ ಇಲ್ಲಿನ ದಂಡ ಸಂಹಿತೆಯ 203ನೆಯ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ. ಗಂಡ ಹೆಂಡಿರಿಗೂ ತನ್ನಿಂತಾನೇ ಹಕ್ಕು ಇರಲಿಲ್ಲ. 2023ರ ಜನವರಿ 1ರಿಂದ, ಒಬ್ಬರು ಪ್ರಜ್ಞೆ ತಪ್ಪಿದಂತಹ ತುರ್ತಿನಲ್ಲಿ ಇನ್ನೊಬ್ಬರು ಆರು ತಿಂಗಳ ಮಟ್ಟಿಗೆ ಅವರ ಪರವಾಗಿ ವೈದ್ಯರೊಡನೆ ಮಾತಾಡಿ ತೀರ್ಮಾನಿಸಬಹುದು. ಮಕ್ಕಳಿಗೆ ಅದೂ ಇಲ್ಲ. ಇಲ್ಲೊಂದು ಒಳ್ಳೆಯ ಉದಾಹರಣೆ ನೆನಪಾಗುತ್ತಿದೆ, ಆದರೆ ಅದು ರೋಗಿಯೊಬ್ಬರದು. ಹೇಳುವಂತಿಲ್ಲ.

ಗಡಿ ದಾಟುವ ಕಾಗದಕ್ಕೆ ಕಾವಲು ಇನ್ನೂ ಹೆಚ್ಚು. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮದಲ್ಲಿ ಆರೋಗ್ಯದ ಮಾಹಿತಿ ವಿಶೇಷ ವರ್ಗಕ್ಕೆ ಸೇರಿದ್ದು. ತಮಗೆ ಸಮನಾದ ರಕ್ಷಣೆ ಇದೆಯೆಂದು ಯುರೋಪ್ ಒಪ್ಪಿಕೊಂಡ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಹಾಗಾಗಿ ಇಲ್ಲಿನ ಆಸ್ಪತ್ರೆ ಉಡುಪಿಯ ವೈದ್ಯರಿಗೆ ಕಡತ ಕಳುಹಿಸಬೇಕಾದರೆ ರೋಗಿಯ ಸ್ಪಷ್ಟ ಒಪ್ಪಿಗೆಯಂತಹ ಬೇರೊಂದು ಆಧಾರ ಬೇಕು. ನಮ್ಮಲ್ಲೂ ಕಾನೂನಿಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು. ಈಗ ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲೂ ಬರಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲೋ ಓದುವ ಅವಕಾಶ ಇರಬೇಕಂತೆ. ಕನ್ನಡವಿದೆ, ಕೊಂಕಣಿಯಿದೆ. ನನ್ನಮ್ಮ ಬೈಯುವುದು, ಲೆಕ್ಕ ಹಾಕುವುದು, ದೇವರಲ್ಲಿ ಕೇಳಿಕೊಳ್ಳುವುದು ಎಲ್ಲವೂ ತುಳುವಿನಲ್ಲಿ. ಅದು ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಓದಿಕೊಂಡದ್ದು ತಮ್ಮನ ಮೇಲೆ ಕಾನೂನು ಹೇರಿ ಬೈಯಲೆಂದು. ಓದುತ್ತ ಹೋದಂತೆ ನನ್ನ ಕೈಯೇ ಖಾಲಿಯಾಯಿತು. ಮನೆಯೊಳಗಿನ, ಸ್ವಂತದ ಬಳಕೆಗೆ ಜಿಡಿಪಿಆರ್ ಅನ್ವಯಿಸುವುದಿಲ್ಲ, ನಮ್ಮ ಕಾಯಿದೆಯೂ ಅನ್ವಯಿಸುವುದಿಲ್ಲ. ಎರಡೂ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತವೆ. ಅಮ್ಮನ ರಿಪೋರ್ಟನ್ನು ಹೊರಗಿನವರು ಯಾರೂ ಕದ್ದಿರಲಿಲ್ಲ. ಹಂಚಿದವರೆಲ್ಲರೂ ಅವಳಿಗಾಗಿ ಅತ್ತವರೇ.

ಆ ಅಳುವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಅಪ್ಪ ತೀರಿಕೊಂಡಾಗ ನಾನು ವಿಮಾನ ಹಿಡಿದು ಬರುವ ಮೊದಲೇ ಅಂಗಳಕ್ಕೆ ಶಾಮಿಯಾನ ಬಿದ್ದಿತ್ತು, ಗಂಜಿ ಬೆಂದಿತ್ತು. ಇದೇ 43 ಮಂದಿಯ ಬಾಯಿಂದ ಬಾಯಿಗೆ ಹೋದ ಸುದ್ದಿಯಿಂದಲೇ ಅದೆಲ್ಲ ಆದದ್ದು. ಇಲ್ಲಿ ನಾನಿರುವ ಕಟ್ಟಡದಲ್ಲಿ ಕೆಳಮನೆಯ ಮುದುಕರು ಆಸ್ಪತ್ರೆ ಸೇರಿ ಮೂರು ವಾರವಾದ ಮೇಲೆ ಅವರ ಅಂಚೆಪೆಟ್ಟಿಗೆ ತುಂಬಿ ಚೆಲ್ಲಿದ್ದನ್ನು ಕಂಡು ನಮಗೆ ತಿಳಿಯಿತು.

ಮೊನ್ನೆ ರಜೆಯಲ್ಲಿ ಊರಿಗೆ ಬಂದವಳು ಅಮ್ಮನ ಎರಡನೆಯ ರಿಪೋರ್ಟಿನ ಪ್ರತಿ ತೆಗೆಸಲು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ‘ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ ಅಕ್ಕ’ ಎಂದ ಹುಡುಗ. ಅವನ ಕಂಪ್ಯೂಟರಿನ ಪರದೆಯಲ್ಲಿ ಯಾರ್ಯಾರದೋ ಪಾಸ್‌ಪೋರ್ಟು, ಆಧಾರ್, ಗಲ್ಫ್‌ಗೆ ಹೊರಟವರ ವೈದ್ಯಕೀಯ ಪರೀಕ್ಷೆಯ ಹಾಳೆಗಳು ಸಾಲಾಗಿ ಕೂತಿದ್ದವು. ಅಂಗಡಿ ವ್ಯವಹಾರಕ್ಕೆ ಮನೆಯೊಳಗಿನ ಆ ರಿಯಾಯಿತಿ ಇಲ್ಲ. ಮುದ್ರಿಸಿದ ಮೇಲೆ ನನ್ನದನ್ನು ಅಳಿಸು ಎಂದೆ. ನಗುತ್ತ ಅಳಿಸಿದ. ‘ಅದರಲ್ಲಿ ಏನುಂಟು ಅಕ್ಕ, ಎರಡನೆಯ ವರ್ಗವಲ್ಲವೇ, ಏನೂ ತೊಂದರೆಯಿಲ್ಲ’ ಎಂದ. ಓದಿದ್ದ!

ಅಂದು ಸಂಜೆ ಅಮ್ಮನ ಎದುರು ಕೂತು, ಮೊದಲ ಬಾರಿಗೆ, ಕೇಳಿದೆ: ಇನ್ನು ಮುಂದೆ ನಿನ್ನ ವಿಷಯ ಯಾರಿಗೆ ಹೇಳಬಹುದು? ಬಹಳ ಹೊತ್ತು ಯೋಚಿಸಲಿಲ್ಲ ಅವಳು. ‘ನಿನಗೆ, ತಮ್ಮನಿಗೆ. ನಿನ್ನ ಆ ಡಾಕ್ಟರಮ್ಮನಿಗೂ ತೋರಿಸು, ಕೇಳಿದವರು ಅವರೊಬ್ಬರೇ. ಮುಂಬಯಿಗೆ ಬೇಡ, ಅವಳಿಗೆ ಬಿಪಿ ಏರುತ್ತದೆ. ಆ ಗುಂಪಿಗಂತೂ ಬೇಡವೇ ಬೇಡ.’ ಪಕ್ಕದ ಮನೆಯವರಿಗೆ? ‘ಬೇಡ.’

ಮರುದಿನ ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿದ ಅಕ್ಕ, ಬಂಗುಡೆ ಎಣಿಸುತ್ತ ನನ್ನನ್ನು ಕೇಳಿದಳು, ‘ಅಮ್ಮನ ಗಂಟಿನ ಎರಡನೆಯ ರಿಪೋರ್ಟು ಒಳ್ಳೆಯದು ಬಂತಂತೆ, ಅಲ್ಲವೇ?’

ನಾನು ಅಮ್ಮನ ಕಡೆ ನೋಡಿದೆ. ‘ಅವಳಿಗೆ ನಾನೇ ಹೇಳಿದ್ದು. ಮೊದಲನೆಯದರಿಂದಲೂ,’ ಎಂದು ಅಮ್ಮ ಎರಡು ಬಂಗುಡೆ ಹೆಚ್ಚಿಗೆ ಹಾಕಿಸಿಕೊಂಡಳು.