ಇನ್ನೂರು ಮಾರು ಹಗ್ಗ

28 ಸೆಪ್ಟೆಂಬರ್ 2024, ಶನಿವಾರ

ಹರ್ಮನ್ ಮೆಲ್ವಿಲ್ ತೀರಿಕೊಂಡದ್ದು 1891ರ ಇದೇ ದಿನ, ನ್ಯೂಯಾರ್ಕಿನ ತನ್ನ ಮನೆಯಲ್ಲಿ, 72ನೆಯ ವಯಸ್ಸಿನಲ್ಲಿ. ಕಡಲ ಕಾದಂಬರಿಕಾರನೆಂಬ ಹೆಸರು ಅವನಿಗೆ ಅಂಟಿಕೊಂಡುಬಿಟ್ಟಿದೆ. ಆದರೆ ಅವನು ನಾವಿಕನಾಗಿ ದುಡಿದ ಕಾಲವನ್ನೆಲ್ಲ ಕೂಡಿಸಿದರೂ ಐದು ವರ್ಷ ತುಂಬುವುದಿಲ್ಲ. ನ್ಯೂಯಾರ್ಕ್ ಬಂದರಿನ ಸುಂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ, ದಿನಕ್ಕೆ 4 ಡಾಲರ್ ಸಂಬಳಕ್ಕೆ ಅವನು ದುಡಿದದ್ದು 1866ರಿಂದ 1885ರವರೆಗೆ. ಈ ವಾರವೆಲ್ಲ ಅವನ ತಿಮಿಂಗಿಲ ಬೇಟೆಯ ಕಾದಂಬರಿ ‘ಮೋಬಿ ಡಿಕ್’ ಅನ್ನು ಮತ್ತೆ ಓದುತ್ತಿರುವ ನನಗೆ, ಆ ಕೆಲವೇ ವರ್ಷಗಳಲ್ಲಿ ಅವನು ಗಳಿಸಿ ತಂದ ನಿಜವಾದ ಆಸ್ತಿ ಸಾಹಸದ ಕಥೆಗಳಿಗಿಂತ ಹೆಚ್ಚಾಗಿ ಕೂಲಿಯಾಳಿನ ಕಸುಬಿನ ತಿಳಿವಳಿಕೆಯೇ ಎಂಬುದು ದಿನದಿನಕ್ಕೆ ಗಟ್ಟಿಯಾಗುತ್ತಿದೆ.

ಅವನು ಕಡಲಿಗೆ ಹೋದದ್ದಕ್ಕೆ ಬಡತನವೂ ಕಾರಣ. ವಿದೇಶಿ ಸರಕಿನ ವ್ಯಾಪಾರಿಯಾಗಿದ್ದ ತಂದೆ ಸಾಲದ ಹೊರೆ ಬಿಟ್ಟು 1832ರಲ್ಲಿ ಸತ್ತ ಮೇಲೆ ಹುಡುಗ ಬ್ಯಾಂಕಿನ ಗುಮಾಸ್ತಿಕೆಯನ್ನೂ ಶಾಲೆಯ ಮೇಷ್ಟ್ರುಗಿರಿಯನ್ನೂ ಮಾಡಿ ನೋಡಿದ. 1839ರಲ್ಲಿ ಸರಕಿನ ಹಡಗೊಂದರಲ್ಲಿ ಲಿವರ್‌ಪೂಲಿಗೆ ಹೋಗಿಬಂದ. 1841ರ ಜನವರಿ 3ರಂದು ಮಾಸಾಚುಸೆಟ್ಸಿನ ಫೇರ್‌ಹೇವನ್ನಿನಿಂದ ಹೊರಟ ಅಕುಶ್ನೆಟ್ ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಅಂಥ ಹಡಗಿನಲ್ಲಿ ಆಗ ತಿಂಗಳ ಸಂಬಳವಿರುತ್ತಿರಲಿಲ್ಲ. ಪಯಣ ಮುಗಿದ ಮೇಲೆ ಕೈಗೆ ಬಂದದ್ದರಲ್ಲಿ ಪಾಲು. ಮೆಲ್ವಿಲ್‌ಗೆ ಗೊತ್ತುಮಾಡಿದ್ದು 175ರಲ್ಲಿ ಒಂದು ಪಾಲು. ಅದು ಕೈಸೇರುವ ಮೊದಲೇ, 1842ರ ಜುಲೈಯಲ್ಲಿ, ಶಾಂತಸಾಗರದ ನುಕು ಹಿವಾ ದ್ವೀಪದಲ್ಲಿ ಟೋಬಿ ಗ್ರೀನ್ ಎಂಬ ಗೆಳೆಯನೊಡನೆ ಹಡಗು ಬಿಟ್ಟು ಓಡಿಹೋದ. ಮುಂದೆ ಇನ್ನೊಂದು ಹಡಗು, ಅಲ್ಲಿ ಕೆಲಸಕ್ಕೆ ಒಲ್ಲೆನೆಂದದ್ದಕ್ಕೆ ಟಹೀಟಿಯಲ್ಲಿ ಸೆರೆ, ಹವಾಯಿ, ಕೊನೆಗೆ ಅಮೆರಿಕದ ನೌಕಾಪಡೆ. 1844ರ ಅಕ್ಟೋಬರಿನಲ್ಲಿ ಬಾಸ್ಟನ್ನಿಗೆ ಮರಳಿದಾಗ ಅವನಿಗೆ 25 ವರ್ಷ.

ದ್ವೀಪದ ಕಣಿವೆಯಲ್ಲಿ ಅವನಿದ್ದದ್ದು ಹೆಚ್ಚುಕಡಿಮೆ ಒಂದು ತಿಂಗಳು. 1846ರ ‘ಟೈಪೀ’ ಪುಸ್ತಕದಲ್ಲಿ ಅದು ನಾಲ್ಕು ತಿಂಗಳಾಯಿತು. ಇದೆಲ್ಲ ನಡೆದದ್ದೇ ಹೌದೇ ಎಂದು ವಿಮರ್ಶಕರು ಅನುಮಾನಿಸುತ್ತಿದ್ದ ಹೊತ್ತಿಗೆ, ಸತ್ತನೆಂದೇ ಮೆಲ್ವಿಲ್ ಭಾವಿಸಿದ್ದ ಟೋಬಿ ಬಫಲೋ ನಗರದಲ್ಲಿ ಜೀವಂತವಾಗಿ ಕಾಣಿಸಿಕೊಂಡು ಪತ್ರಿಕೆಯಲ್ಲಿ ಸಾಕ್ಷಿ ನುಡಿದ. ಇಂಥ ಪುಣ್ಯ ಎಷ್ಟು ಲೇಖಕರಿಗಿದೆಯೋ! ಯುದ್ಧನೌಕೆಯ ಅನುಭವದಿಂದ ಹುಟ್ಟಿದ ‘ವೈಟ್ ಜಾಕೆಟ್’ 1850ರಲ್ಲಿ ಬಂತು. ನಾವಿಕರಿಗೆ ಛಡಿಯೇಟು ಕೊಡುವ ಶಿಕ್ಷೆಯನ್ನು ಅದು ಎಳೆಎಳೆಯಾಗಿ ಬಿಡಿಸಿ ಖಂಡಿಸುತ್ತದೆ. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಆ ಶಿಕ್ಷೆಯನ್ನು ರದ್ದುಮಾಡಿತು. ಆ ಹೋರಾಟ ಮೊದಲೇ ನಡೆದಿತ್ತಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ಈ ಪುಸ್ತಕಕ್ಕೆ ಕಟ್ಟುವುದು ಸರಿಯಲ್ಲ.

‘ಮೋಬಿ ಡಿಕ್’ನ 60ನೆಯ ಅಧ್ಯಾಯದ ತುಂಬ ಇರುವುದು ಒಂದು ಹಗ್ಗ. ಈಟಿಗೆ ಕಟ್ಟುವ ಆ ಹಗ್ಗ ಅಂಗುಲದ ಮೂರನೇ ಎರಡರಷ್ಟು ದಪ್ಪ, ಇನ್ನೂರು ಮಾರಿಗಿಂತ ತುಸು ಹೆಚ್ಚು ಉದ್ದ. 51 ಎಳೆಗಳು ಸೇರಿ ಸುಮಾರು 3 ಟನ್ ಭಾರ ತಡೆಯುತ್ತವೆ. ಅದನ್ನು ದೋಣಿಯ ಹಿಂಭಾಗದ ಮರದ ತೊಟ್ಟಿಯಲ್ಲಿ ಸುರುಳಿ ಸುತ್ತಿಡಬೇಕು. ಎಲ್ಲಾದರೂ ಒಂದು ಸಿಕ್ಕು ಉಳಿದರೆ, ಹಗ್ಗ ರಭಸದಿಂದ ಬಿಚ್ಚಿಕೊಳ್ಳುವಾಗ ಯಾರದಾದರೂ ಕೈಯನ್ನೋ ಕಾಲನ್ನೋ ಕಿತ್ತುಕೊಂಡೇ ಹೋಗುತ್ತದೆ. ಆದ್ದರಿಂದ ಕೆಲವು ಈಟಿಗಾರರು ಬೆಳಗಿನ ಹೊತ್ತನ್ನೆಲ್ಲ ಇದೊಂದೇ ಕೆಲಸಕ್ಕೆ ಮೀಸಲಿಡುತ್ತಾರೆ. ತೊಟ್ಟಿಯಿಂದ ಹೊರಟ ಹಗ್ಗ ಹಿಂದಿನ ಗೂಟವನ್ನು ಬಳಸಿ, ದೋಣಿಯ ಉದ್ದಕ್ಕೂ ಪ್ರತಿಯೊಬ್ಬನ ಹುಟ್ಟಿನ ಹಿಡಿಯ ಮೇಲೆ ಅಡ್ಡಹಾಯ್ದು, ಹುಟ್ಟುಹಾಕುವವರ ಮಣಿಕಟ್ಟಿಗೆ ತಾಗುತ್ತಾ ಮುಂತುದಿಯವರೆಗೆ ಸಾಗುತ್ತದೆ. ಅದರ ಕೆಳತುದಿಯ ಕುಣಿಕೆಯನ್ನು ಮಾತ್ರ ಯಾವುದಕ್ಕೂ ಕಟ್ಟುವುದಿಲ್ಲ. ತಿಮಿಂಗಿಲ ಆಳಕ್ಕಿಳಿದರೆ ಪಕ್ಕದ ದೋಣಿಯ ಹಗ್ಗವನ್ನು ಅದಕ್ಕೆ ಸೇರಿಸಬಹುದು. ಕಟ್ಟಿದ್ದರೆ ದೋಣಿಯೇ ಅದರ ಬೆನ್ನಿಗೆ ಮುಳುಗಬೇಕಾಗುತ್ತದೆ.

ಕಥೆಯನ್ನು ನಿಲ್ಲಿಸಿ ಇದನ್ನೆಲ್ಲ ಏಕೆ ಹೇಳುತ್ತಾನೆಂದು ಓದುಗ ಗೊಣಗಬಹುದು. ಆದರೆ ಕೊನೆಯ 135ನೆಯ ಅಧ್ಯಾಯದಲ್ಲಿ, ಮೋಬಿ ಡಿಕ್ ಎಂಬ ಬಿಳಿ ತಿಮಿಂಗಿಲದ ಬೆನ್ನುಹತ್ತಿದ ಕ್ಯಾಪ್ಟನ್ ಏಹಬ್ ಅದಕ್ಕೆ ಈಟಿ ಎಸೆದಾಗ ಹಗ್ಗ ಸಿಕ್ಕಿಕೊಳ್ಳುತ್ತದೆ. ಅವನು ಬಾಗಿ ಅದನ್ನು ಬಿಡಿಸುತ್ತಾನೆ. ಬಿಡಿಸಿದ ಗಳಿಗೆಯಲ್ಲೇ ಹಾರಿಬಂದ ಒಂದು ಸುತ್ತು ಕುತ್ತಿಗೆಗೆ ಬಿಗಿದು ಸದ್ದಿಲ್ಲದೆ ಅವನನ್ನು ಎಳೆದೊಯ್ಯುತ್ತದೆ. ಹಿಂದೆಯೇ, ಎಲ್ಲಿಗೂ ಕಟ್ಟಿರದ ಆ ಕುಣಿಕೆ ಬರಿದಾದ ತೊಟ್ಟಿಯಿಂದ ಸಿಡಿದು ಒಬ್ಬನನ್ನು ಕೆಡವುತ್ತದೆ. ಇದಿಷ್ಟೂ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ, ಏಕೆಂದರೆ ವಿವರಿಸುವುದನ್ನೆಲ್ಲ 75 ಅಧ್ಯಾಯಗಳ ಹಿಂದೆಯೇ ವಿವರಿಸಿಯಾಗಿದೆ. ಹಗ್ಗದ ಅಧ್ಯಾಯವನ್ನು ಬೇಸರದ ಭಾಗವೆಂದು ಕತ್ತರಿಸುವ ಸಂಕ್ಷಿಪ್ತ ಆವೃತ್ತಿಯಲ್ಲಿ ಏಹಬ್‌ನ ಸಾವು ಬರೀ ಅಪಘಾತವಾಗಿ ಉಳಿಯುತ್ತದೆ.

ಅವನ ಜ್ಞಾನವೆಲ್ಲ ದುಡಿಮೆಯಿಂದಲೇ ಬಂದದ್ದೆಂದು ನಾನು ಹೇಳುತ್ತಿಲ್ಲ. 1820ರಲ್ಲಿ ತಿಮಿಂಗಿಲವೊಂದು ಗುದ್ದಿ ಮುಳುಗಿಸಿದ ಎಸೆಕ್ಸ್ ಹಡಗಿನ ವೃತ್ತಾಂತ ಅವನಿಗೆ ಸಿಕ್ಕಿದ್ದು ಅದನ್ನು ಬರೆದ ಓವೆನ್ ಚೇಸ್‌ನ ಮಗನಿಂದ, ನಡುಗಡಲಿನಲ್ಲಿ. ಪುಸ್ತಕಗಳಿಂದ ಎತ್ತಿಕೊಂಡದ್ದು ಕೆಲವೊಮ್ಮೆ ನಗು ತರಿಸುತ್ತದೆ: ಮತ್ಸ್ಯಾವತಾರದ ವಿಷ್ಣುವನ್ನು ತಿಮಿಂಗಿಲ ಬೇಟೆಗಾರರ ಬಳಗಕ್ಕೆ ಸೇರಿಸಿಕೊಳ್ಳುತ್ತಾನೆ, ಎಲಿಫೆಂಟಾ ಗುಹೆಯ ಗೋಡೆಯಲ್ಲಿ ಆ ಅವತಾರದ ಶಿಲ್ಪವಿದೆಯೆಂದು ಹೇಳಿ ಅದರ ಬಾಲ ಸರಿಯಿಲ್ಲವೆಂದೂ ತಕರಾರು ತೆಗೆಯುತ್ತಾನೆ. ಭಾರತಕ್ಕೆ ಅವನು ಬಂದವನಲ್ಲ. ಎಲಿಫೆಂಟಾದ ಮುಖ್ಯ ಗುಹೆಯೋ ಶಿವನದು.

‘ಮೋಬಿ ಡಿಕ್’ 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದಾಗ, ಕಥೆ ಹೇಳುವವನು ಬದುಕುಳಿದದ್ದನ್ನು ತಿಳಿಸುವ ಉಪಸಂಹಾರವೇ ಬಿಟ್ಟುಹೋಗಿತ್ತು. ಎಲ್ಲರೂ ಮುಳುಗಿದ ಮೇಲೆ ಕಥೆ ಹೇಳಲು ಉಳಿದವರು ಯಾರು ಎಂದು ಅಲ್ಲಿನ ವಿಮರ್ಶಕರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಮೆಲ್ವಿಲ್ ಬದುಕಿರುವವರೆಗೆ ಅಮೆರಿಕದಲ್ಲಿ ಮಾರಾಟವಾದದ್ದು ಸುಮಾರು 3,200 ಪ್ರತಿ. 1853ರಲ್ಲಿ ಪ್ರಕಾಶಕರ ಮಳಿಗೆಗೆ ಬೆಂಕಿ ಬಿದ್ದು ದಾಸ್ತಾನಿನ ಪ್ರತಿಗಳು ಸುಟ್ಟವು. 1857ರ ನಂತರ ಅವನು ಕಾದಂಬರಿ ಪ್ರಕಟಿಸಲಿಲ್ಲ. ಇದನ್ನು ಮೌನವೆನ್ನುವುದು ವಾಡಿಕೆ. ಹಗಲು ಸುಂಕದ ಕೆಲಸ ಮಾಡುತ್ತಲೇ ‘ಕ್ಲಾರೆಲ್’ ಎಂಬ ಸುಮಾರು 18,000 ಸಾಲಿನ ಕಾವ್ಯ ಬರೆದವನನ್ನು ಮೌನಿಯೆನ್ನಲು ನನಗಂತೂ ಮನಸ್ಸಾಗದು. ಈ ನಡುವೆ 1867ರಲ್ಲಿ ಹಿರಿಯ ಮಗ ಗುಂಡೇಟಿನಿಂದ ಸತ್ತ. 1886ರಲ್ಲಿ ಎರಡನೆಯವನೂ ತೀರಿಕೊಂಡ.

ಹೆಂಡತಿ ಎಲಿಜಬೆತ್ ಅವನ ಕಾಗದಪತ್ರಗಳನ್ನು ಜೋಪಾನ ಮಾಡದಿದ್ದರೆ ಮುಂದಿನ ಕಥೆ ಬೇರೆಯೇ ಆಗುತ್ತಿತ್ತು. ಹುಟ್ಟಿ ನೂರು ವರ್ಷವಾದ 1919ರಲ್ಲಿ ರೇಮಂಡ್ ವೀವರ್ ಎಂಬ ಅಧ್ಯಾಪಕ ಮೊಮ್ಮಗಳ ಬಳಿಯಿದ್ದ ಆ ಕಾಗದಗಳಲ್ಲಿ ‘ಬಿಲ್ಲಿ ಬಡ್’ ಎಂಬ ಕಿರುಕಾದಂಬರಿಯ ಹಸ್ತಪ್ರತಿಯನ್ನು ಕಂಡ, 1924ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಹಸ್ತಪ್ರತಿ ಮಾತ್ರ ಮುಗಿದದ್ದಾಗಿರಲಿಲ್ಲ. ತಿದ್ದುಪಡಿಗಳು ಒಂದರ ಮೇಲೊಂದು ಬಿದ್ದಿದ್ದವು, ಎಲಿಜಬೆತ್ ಹಾಕಿದ್ದ ಗುರುತುಗಳನ್ನು ಅವನವೇ ಎಂದು ತಿಳಿದದ್ದೂ ಉಂಟು. 1962ರಲ್ಲಿ ಹೇಫೋರ್ಡ್ ಮತ್ತು ಸೀಲ್ಟ್ಸ್ ಎಂಬ ವಿದ್ವಾಂಸರು ಕೈಬರಹವನ್ನು ಪದರಪದರವಾಗಿ ಬೇರ್ಪಡಿಸಿ ಹೊಸ ಪಾಠ ಹೊರತಂದರು. ಕೊಳ್ಳುವವರು ಆವೃತ್ತಿ ನೋಡಿ ಕೊಳ್ಳುವುದು ಒಳ್ಳೆಯದು: ಕಥಾನಾಯಕ ನಾವಿಕ ಬಿಲ್ಲಿಯನ್ನು ಗಲ್ಲಿಗೇರಿಸುವ ಯುದ್ಧನೌಕೆಯ ಹೆಸರು ಹಳೆಯ ಪಾಠದಲ್ಲಿ ಇನ್‌ಡಾಮಿಟಬಲ್, ಹೊಸದರಲ್ಲಿ ಬೆಲಿಪೊಟೆಂಟ್.