ಹಿತ್ತಲ ಅಪ್ಪೆಮರದ ಬುಡದಲ್ಲಿ ಅಣಬೆ: ಈವರೆಗಿನ ಕೆಲಸ

ಮಾರ್ಚ್

ಅಪ್ಪೆ, ಅಂದರೆ ಉಪ್ಪಿನಕಾಯಿ ಮಾವಿನ ಮಿಡಿ ಕೊಯ್ದಾಯಿತು. ಇನ್ನು ಮಳೆ ಹಿಡಿಯುವುದರೊಳಗೆ ಮರದ ಕೆಲಸ. ಕೊಟ್ಟಿಗೆಯ ಕಡೆ ಬುಡದಲ್ಲಿ ಎದ್ದ ಅಣಬೆ ಅಂಗೈ ಮೀರಿ ಬೆಳೆದಿದೆ. ಮೇಲೆ ಕಂದು, ಅಡಿಯಲ್ಲಿ ಬಿಳಿ. ಉಗುರಿನಲ್ಲಿ ಗೀರಿದರೆ ಗೀರು ಕಂದಾಗುತ್ತದೆ. ಕೆಳಗಿನ ತರಗೆಲೆಗಳ ಮೇಲೆ ಕೋಕೋ ಪುಡಿ ಉದುರಿಸಿದಂತೆ ಬೀಜಕಣ. ಇದು ಗ್ಯಾನೊಡರ್ಮಾ, ಮರ ಕೊಳೆಸುವ ಶಿಲೀಂಧ್ರ. ಅಡಿಕೆಗೆ ಅಣಬೆರೋಗ ತರುವುದೂ ಇದೇ ಕುಲ.

ಬಂದವರಿಗೆಲ್ಲ ಒಂದೊಂದು ಔಷಧ ಗೊತ್ತು. ಕಿತ್ತು ಬಿಸಾಡು, ಸೀಮೆಎಣ್ಣೆ ಹೊಯ್ಯಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋವನ್ನೇ (ಮೈಲುತುತ್ತ, ಸುಣ್ಣದ ದ್ರಾವಣ) ಬಳಿ. ಬೋರ್ಡೋ ಅಡಿಕೆ ಕಾಯಿಯ ಹೊರಮೈ ಮೇಲೆ ಕೂತು ರೋಗಾಣು ಮೊಳೆಯದಂತೆ ನೋಡಿಕೊಳ್ಳುತ್ತದೆ. ಇಲ್ಲಿ ಶಿಲೀಂಧ್ರ ಇರುವುದು ಕಾಂಡದ ಒಳಗೆ, ಬೇರಿನೊಳಗೆ. ಹೊರಗೆ ಕಾಣುವ ಅಣಬೆ ಅದರ ಫಲ ಮಾತ್ರ. ಕಿತ್ತರೆ ಎಲ್ಲಿ ಕೊಳೆತಿದೆ ಎಂಬ ಗುರುತೇ ಹೋಗುತ್ತದೆ. ಬಿಟ್ಟಿದ್ದೇನೆ.

ಏಪ್ರಿಲ್

ಯಾವ ಕಾಲದಲ್ಲೋ ಬುಡಕ್ಕೆ ಕಟ್ಟಿದ ಸಿಮೆಂಟ್ ಕಟ್ಟೆ ಒಡೆಸಿದೆ. ಒಳಗೆ ತುಂಬಿದ್ದ ಮಣ್ಣು ತೆಗೆದ ಮೇಲೆ ಬೇರು ಕವಲೊಡೆಯುವ ಜಾಗ ಕಣ್ಣಿಗೆ ಬಿತ್ತು. ಮರದ ಕೊಡತಿಯಿಂದ ಸುತ್ತಲೂ ಬಡಿಯುತ್ತ ಹೋದೆವು. ಮೂರು ದಿಕ್ಕಿನಲ್ಲಿ ಗಟ್ಟಿ ಸದ್ದು. ಅಣಬೆಯ ಹತ್ತಿರ ಬರುತ್ತಲೇ ನಮ್ಮ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಕೈ ನಿಲ್ಲಿಸಿದ: "ಹೆಗಡೇರೆ, ಇಲ್ಲಿ ಒಳಗೆ ಪೂರಾ ಪೊಳ್ಳು." ಸಣ್ಣ ಸರಳು ಚುಚ್ಚಿದರೆ ಸಲೀಸಾಗಿ ಇಳಿಯಿತು. ತುದಿಗೆ ಅಂಟಿ ಬಂದದ್ದು ಬಿಳಿಚಿದ, ಒದ್ದೆ ನಾರು.

ಪೊಟರೆಗೆ ಕಾಂಕ್ರೀಟ್ ತುಂಬುವ ಸಲಹೆಯೂ ಬಂತು. ಹಿಂದೆ ಹಾಗೆ ಮಾಡುತ್ತಿದ್ದರು. ಮರ ಗಾಳಿಗೆ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ನಡುವೆ ತಿಕ್ಕಾಟ, ಮೇಲಿಂದ ತೇವ. ನೀರು ಬಸಿಯಲೆಂದು ತೂತು ಕೊರೆಯುವುದು ಇನ್ನೂ ಕೆಟ್ಟದ್ದು. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಹೇಳಿದ್ದು ಇದನ್ನೇ: ಮರದ ಗಾಯ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಹೊರಗೆ ಹೊಸದಾಗಿ ಬೆಳೆಯುತ್ತದೆ. ಕೊರೆದರೆ ಆ ಗೋಡೆಯೇ ಒಡೆಯುತ್ತದೆ.

ಮೇ

ರೋಗಕ್ಕೆ ಮದ್ದಿಲ್ಲ, ಭಾರಕ್ಕೆ ಇದೆ. ಕೊಟ್ಟಿಗೆ ಮಾಡಿನ ಮೇಲೆ ಚಾಚಿದ್ದ ಕೊಂಬೆಗಳನ್ನು ತುದಿಯಿಂದ, ಪಕ್ಕದ ಕವಲಿನವರೆಗೆ ಮೊಟಕು ಮಾಡಿಸಿದೆ. ನೆತ್ತಿ ಬೋಳಿಸಲು ಬಿಡಲಿಲ್ಲ. ಸೊಪ್ಪು ಹೋದರೆ ಗೋಡೆ ಕಟ್ಟುವ ತ್ರಾಣ ಎಲ್ಲಿಂದ? ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಅರೆ ಕೊಯ್ತ, ಆಮೇಲೆ ಸ್ವಲ್ಪ ಆಚೆ ಮೇಲಿಂದ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ. ಉಬ್ಬಿಗೆ ಗರಗಸ ತಾಗಬಾರದು. ಗಾಯಕ್ಕೆ ಏನೂ ಬಳಿದಿಲ್ಲ. ನಮ್ಮಮ್ಮನಿಗೆ ಸಮಾಧಾನವಿಲ್ಲ, ಸಗಣಿಯನ್ನಾದರೂ ಮೆತ್ತು ಎನ್ನುತ್ತಾಳೆ.

ದನಗಳನ್ನು ಆಚೆ ಬದಿಯ ಅಂಕಣಕ್ಕೆ ಕಟ್ಟಿದ್ದೇವೆ.

ಜುಲೈ

ಈ ಮಿಡಿಯ ಸೊನೆಯ ಪರಿಮಳ ಸುತ್ತಲಿನ ಬೇರೆ ಯಾವ ಮರದಲ್ಲೂ ಇಲ್ಲ. ವಾಟೆ (ಮಾವಿನ ಗೊರಟು) ನೆಟ್ಟರೆ ಅದೇ ಗುಣ ಬರುವ ಭರವಸೆಯಿಲ್ಲ, ಕಸಿಯೇ ಆಗಬೇಕು. ಬಲಿತ ಕುಡಿಗಳ ಎಲೆಗಳನ್ನು ವಾರ ಮೊದಲೇ ತೊಟ್ಟು ಬಿಟ್ಟು ಸವರಿ, ಮೊಗ್ಗು ಉಬ್ಬಿದ ಮೇಲೆ ಕತ್ತರಿಸಿ ಕಾಟುಮಾವಿನ ಸಸಿಗಳಿಗೆ ಕಟ್ಟಿದೆ. ಪ್ಲಾಸ್ಟಿಕ್ ಟೋಪಿಯೊಳಗೆ ಕೆಲವು ಕಪ್ಪಾದವು, ಉಳಿದವು ತಾಮ್ರ ಬಣ್ಣದ ಚಿಗುರು ಬಿಟ್ಟಿವೆ.

ಸೆಪ್ಟೆಂಬರ್

ಗಾಳಿಮಳೆಯಲ್ಲಿ ಮರ ನಿಂತಿದೆ. ಬುಡದ ಸುತ್ತ ಮಣ್ಣು ಬಿರಿದಿಲ್ಲ, ಮರ ವಾಲಿಲ್ಲ. ಅಣಬೆಯ ಅಂಚಿಗೆ ಹೊಸ ಬಿಳಿ ಪಟ್ಟಿ ಬಂದಿದೆ, ಅಂದರೆ ಒಳಗೆ ಕೆಲಸ ನಡೆದೇ ಇದೆ. ಮಳೆ ಬಿಟ್ಟ ಮೇಲೆ ಮತ್ತೆ ಕೊಡತಿ, ಸರಳು. ಇನ್ನೊಂದು ದಿಕ್ಕಿನ ಬೇರೂ ಪೊಳ್ಳು ಸದ್ದು ಕೊಟ್ಟರೆ ಮುಂದಿನ ಮಳೆಗಾಲಕ್ಕೆ ಬಿಡುವುದಿಲ್ಲ, ಕಡಿಸುತ್ತೇನೆ.