ಬಸುರಿಗೆ ಸೊನ್ನೆ, ಬಾಣಂತಿಗೆ ಗಡಿಯಾರ

ಮದ್ಯದ ಬಾಟಲಿಯೊಂದನ್ನು ತಿರುಗಿಸಿ ಹಿಂದಿನ ಲೇಬಲ್ ಓದಿ. ಕುಡಿತ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂಬ ಸಾಲು ಇರುತ್ತದೆ. 2019ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕಡ್ಡಾಯ ಮಾಡಿರುವ ಎಚ್ಚರಿಕೆ ಅದು. ಬಸುರಿಯರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅಮೆರಿಕದ ಬಾಟಲಿಗಳ ಮೇಲೆ 1989ರಿಂದ, ಫ್ರಾನ್ಸಿನಲ್ಲಿ 2007ರಿಂದ ಆ ಎಚ್ಚರಿಕೆ ಇದೆ. ನಮ್ಮಲ್ಲಿ ಹೆಂಗಸರು ಕುಡಿಯುವುದೇ ಅಪರೂಪ, ಬಸುರಿಯರ ಮಾತೆಲ್ಲಿ ಬಂತು ಎನ್ನುವವರೇ ಹೆಚ್ಚು. ಆದರೆ ಮದ್ಯ ಮನೆಯೊಳಗೆ ಬರಲು ಪೆಗ್ ಒಂದೇ ದಾರಿಯಲ್ಲ. ಆಯುರ್ವೇದದ ಅರಿಷ್ಟದ ಬಾಟಲಿಯಲ್ಲಿ ಬರುತ್ತದೆ, ಕ್ರಿಸ್‌ಮಸ್ ಕೇಕಿನಲ್ಲಿ ಬರುತ್ತದೆ, ಬಾಣಂತನದ ಬ್ರಾಂಡಿ ಚಮಚದಲ್ಲಿ ಬರುತ್ತದೆ.

ಮೊದಲು ಗ್ರಾಂ ಲೆಕ್ಕ ಗೊತ್ತಿರಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎಷ್ಟು ಮಿ.ಲೀ. ಕುಡಿದಿರೋ ಅದನ್ನು ಲೇಬಲ್ ಮೇಲಿನ ಶೇಕಡಾವಾರಿನಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.789ರಿಂದ (ಒಂದು ಮಿ.ಲೀ. ಆಲ್ಕೋಹಾಲಿನ ಗ್ರಾಂ ತೂಕ) ಗುಣಿಸಿ. ವಿಸ್ಕಿ, ರಮ್, ಬ್ರಾಂಡಿ ಸಾಮಾನ್ಯವಾಗಿ 42.8%. ಹಾಗಾಗಿ 30 ಮಿ.ಲೀ. ಸ್ಮಾಲ್ ಎಂದರೆ 10 ಗ್ರಾಂ ಆಲ್ಕೋಹಾಲ್, 60ರ ಲಾರ್ಜ್ ಎಂದರೆ 20, ನೈಂಟಿ ಪ್ಯಾಕೆಟ್‌ನಲ್ಲಿ 30, 180ರ ಕ್ವಾರ್ಟರ್‌ನಲ್ಲಿ 61. 8% ಇರುವ 650 ಮಿ.ಲೀ. ಸ್ಟ್ರಾಂಗ್ ಬಿಯರ್‌ನಲ್ಲಿ 41 ಗ್ರಾಂ, ಅಂದರೆ ನಾಲ್ಕು ಸ್ಮಾಲ್‌ಗೆ ಸಮ. "ಬರೀ ಬಿಯರ್ ತಾನೇ" ಎನ್ನುವವರಿಗೆ ಈ ಒಂದು ಅಂಕಿ ತೋರಿಸಿದರೆ ಸಾಕು.

ಬಸುರಿಯ ವಿಷಯದಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ತಾಯಿಯ ರಕ್ತದಲ್ಲಿರುವ ಆಲ್ಕೋಹಾಲನ್ನು ಮಾಸು (ಪ್ಲಾಸೆಂಟಾ) ತಡೆಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಇರುತ್ತದೆ. ಅದನ್ನು ಒಡೆಯುವ ಕಿಣ್ವ ಮಗುವಿನ ಲಿವರ್‌ನಲ್ಲಿ ಬಹಳ ಕಡಿಮೆ, ಹಾಗಾಗಿ ತಾಯಿಯ ದೇಹವೇ ವಾಪಸ್ ಎಳೆದುಕೊಂಡು ಖಾಲಿ ಮಾಡಬೇಕು. ಅಷ್ಟರಲ್ಲಿ ಒಂದಷ್ಟು ಪಾಲು ಮಗುವಿನ ಮೂತ್ರದ ಮೂಲಕ ಗರ್ಭದ ನೀರಿಗೆ ಸೇರಿರುತ್ತದೆ, ಅದೇ ನೀರನ್ನು ಮಗು ಮತ್ತೆ ನುಂಗುತ್ತದೆ. ತಾಯಿಗೆ ಅಮಲು ಇಳಿದ ಮೇಲೂ ಮಗುವಿಗೆ ಇಳಿದಿರುವುದಿಲ್ಲ.

1968ರಲ್ಲಿ ಫ್ರಾನ್ಸಿನ ನಾಂಟ್‌ನಲ್ಲಿ ಪಾಲ್ ಲೆಮ್ವಾನ್ ಎಂಬ ವೈದ್ಯರು ಕುಡಿಯುವ ತಂದೆತಾಯಿಯರ 127 ಮಕ್ಕಳನ್ನು ಪರೀಕ್ಷಿಸಿ ವರದಿ ಬರೆದರು. ಹೆಚ್ಚು ಜನ ಗಮನ ಕೊಡಲಿಲ್ಲ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಕಣ್ಣಿನ ಸೀಳು ಚಿಕ್ಕದು, ಮೂಗು ಮತ್ತು ಮೇಲ್ದುಟಿಯ ನಡುವಿನ ಗೀರು ಸಪಾಟು, ಮೇಲ್ದುಟಿ ತೆಳ್ಳಗೆ, ಜೊತೆಗೆ ಬೆಳವಣಿಗೆ ಕುಂಠಿತ. ಮುಖದ ಈ ಗುರುತುಗಳು ಮೂಡುವುದು ಗರ್ಭ ಕಟ್ಟಿದ ಮೂರನೇ ವಾರದ ಆಸುಪಾಸಿನ ಪೆಟ್ಟಿನಿಂದ. ಆ ಹೊತ್ತಿಗೆ ಮುಟ್ಟು ನಿಂತು ಒಂದು ವಾರವಾಗಿರುತ್ತದೆ ಅಷ್ಟೇ. ಮಿದುಳು ಹಾಗಲ್ಲ, ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಮೊದಲ ಮೂರು ತಿಂಗಳು ಕಳೆದರೆ ಪರವಾಗಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಮದ್ಯದಿಂದ ತೊಂದರೆಯಾದ ಮಕ್ಕಳಲ್ಲಿ ಹೆಚ್ಚಿನವರ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ಗಮನ ನಿಲ್ಲದಿರುವುದು, ಗಣಿತ ತಲೆಗೆ ಹತ್ತದಿರುವುದು, ನಿನ್ನೆ ಕಲಿತದ್ದು ಇವತ್ತು ಮರೆತುಹೋಗುವುದು, ಇವೆಲ್ಲ ಶಾಲೆಗೆ ಸೇರಿದ ಮೇಲೆ ಕಾಣುತ್ತವೆ. ಸ್ಕ್ಯಾನ್ ಚೆನ್ನಾಗಿದೆ ಎಂದರೆ ಇದಿಲ್ಲ ಎಂದಲ್ಲ, ಸ್ಕ್ಯಾನ್‌ನಲ್ಲಿ ಇದು ಕಾಣುವುದೇ ಇಲ್ಲ.

ಒಂದು ಗುಟುಕಿನಿಂದ ಮಗು ಹಾಳಾಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಒಂದೇ ಸಲ ನಾಲ್ಕೈದು ಪೆಗ್ ಇಳಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಅದು ಖಚಿತ. ಆದರೆ ಇಷ್ಟರ ಕೆಳಗೆ ಅಪಾಯವಿಲ್ಲ ಎಂದು ತೋರಿಸುವ ಗೆರೆಯೊಂದು ಯಾರ ಕೈಗೂ ಸಿಕ್ಕಿಲ್ಲ, ತಾಯಿಯ ಊಟ, ಮೈತೂಕ, ವಂಶವಾಹಿಗಳ ಪ್ರಕಾರ ಅದು ಬದಲಾಗುತ್ತದೆ. ಗೆರೆ ಗೊತ್ತಿಲ್ಲದಿದ್ದಾಗ ಸೊನ್ನೆಯೇ ಸರಿ. ಬ್ರಿಟನ್ ಕೂಡ 2016ರಲ್ಲಿ ತನ್ನ ಹಳೆಯ ಸಡಿಲ ಸಲಹೆಯನ್ನು ಬಿಟ್ಟು ಸೊನ್ನೆಗೆ ಬಂತು.

ಗೊತ್ತಾಗುವ ಮೊದಲೇ ಕುಡಿದಾಗಿದ್ದರೆ? ಗೋವಾ ಟ್ರಿಪ್, ಆಫೀಸ್ ಪಾರ್ಟಿ, ಆಮೇಲೆ ಕಾರ್ಡ್ ಟೆಸ್ಟ್‌ನಲ್ಲಿ ಎರಡು ಗೆರೆ. ಈ ಗಾಬರಿಯಲ್ಲಿ ಗರ್ಭ ತೆಗೆಸುವ ಮಾತಿಗೆ ಹೋಗುವವರಿದ್ದಾರೆ. ಅಷ್ಟು ಮಾತ್ರಕ್ಕೆ ಅದು ಬೇಕಾಗಿಲ್ಲ. ಇವತ್ತಿಗೆ ನಿಲ್ಲಿಸಿ, ಯಾವ ತಾರೀಖು, ಏನು, ಎಷ್ಟು ಎಂದು ಬರೆದಿಟ್ಟುಕೊಂಡು ಮೊದಲ ಚೆಕಪ್‌ನಲ್ಲೇ ಡಾಕ್ಟರಿಗೆ ಹೇಳಿ. ನಮ್ಮ ತಪಾಸಣೆಗಳಲ್ಲಿ ಈ ಪ್ರಶ್ನೆ ಕೇಳದೆ ಬಿಡುವುದೇ ಹೆಚ್ಚು, ಅತ್ತೆ ಪಕ್ಕದಲ್ಲಿ ಕೂತಿದ್ದರೆ ಕೇಳಿದರೂ ಉತ್ತರ ಬರುವುದಿಲ್ಲ. ತೂಕ, ಬಿಪಿ ನೋಡಲು ಒಳಗೆ ಒಬ್ಬರನ್ನೇ ಕರೆದಾಗ ಹೇಳುವುದು ಸುಲಭ. ಐದನೇ ತಿಂಗಳಲ್ಲಿ ನಿಲ್ಲಿಸಿದರೂ ಲಾಭವಿದೆ, ಏಕೆಂದರೆ ಮಿದುಳಿನ ಕೆಲಸ ಇನ್ನೂ ಬಾಕಿ ಇರುತ್ತದೆ. ಹುಟ್ಟಿದ ಮೇಲೆ ಮಗುವಿನ ಕಲಿಕೆ, ನಡವಳಿಕೆಯಲ್ಲಿ ಸಂಶಯ ಬಂದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ತೋರಿಸಿ. ಮಾತು ತಡವಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಯೂ ಬಸಿರಿನಲ್ಲಿ ಕುಡಿದ ವಿಷಯ ಮುಚ್ಚಿಡಬೇಡಿ, ಅದು ಗೊತ್ತಿಲ್ಲದೆ ಸರಿಯಾದ ಕಾರಣ ಸಿಗುವುದು ಕಷ್ಟ.

ಈಗ ಔಷಧಿಯ ವೇಷದಲ್ಲಿ ಬರುವ ಮದ್ಯ. ಅರಿಷ್ಟ, ಆಸವಗಳ ತಯಾರಿಕೆಯೇ ಹುದುಗುವಿಕೆ. ಕಷಾಯಕ್ಕೆ ಬೆಲ್ಲ, ಜೇನು, ಧಾತಕಿ ಹೂ ಹಾಕಿ ಬಾಯಿ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ 'ಸೆಲ್ಫ್ ಜನರೇಟೆಡ್ ಆಲ್ಕೋಹಾಲ್' ಎಂದು ಇರುತ್ತದೆ, ಸಾಮಾನ್ಯವಾಗಿ 5ರಿಂದ 10%. ಬಾಣಂತನದ ದಶಮೂಲಾರಿಷ್ಟ 8% ಇದ್ದರೆ 30 ಮಿ.ಲೀ.ನಲ್ಲಿ ಸುಮಾರು 1.9 ಗ್ರಾಂ. ಬಾಣಂತಿಗೆ ಇದು ದೊಡ್ಡ ಮಾತಲ್ಲ. ಮಗುವಿಗೆ ಹಾಲು ಕೊಟ್ಟು ಮುಗಿಸಿದ ಕೂಡಲೇ, ಮುಚ್ಚಳದಲ್ಲೋ ಔನ್ಸ್ ಗ್ಲಾಸ್‌ನಲ್ಲೋ ಅಳೆದು, ಅಷ್ಟೇ ನೀರು ಬೆರೆಸಿ ಕುಡಿದರೆ ಮುಂದಿನ ಹಾಲಿನ ಹೊತ್ತಿಗೆ ಇಳಿದಿರುತ್ತದೆ. ಎಡವಟ್ಟಾಗುವುದು ಕಾಫಿ ಲೋಟಕ್ಕೆ ಅಂದಾಜಿಗೆ ಸುರಿಯುವಾಗ. ಬಸುರಿಗೆ ಮಾತ್ರ ಅರಿಷ್ಟವೂ ಬೇಡ, ಆಸವವೂ ಬೇಡ. ಯಾವುದಾದರೂ ಕೊಟ್ಟಿದ್ದರೆ ಬಸುರಿ ಎಂದು ಹೇಳಿ, ಹುದುಗಿಸದ ರೂಪವಿದೆಯೇ, ಈ ಹೊತ್ತಿನಲ್ಲಿ ಅದು ಬೇಕೇ ಎಂದು ವೈದ್ಯರನ್ನೇ ಕೇಳಿ. ಹೋಮಿಯೋಪತಿಯ ಮದರ್ ಟಿಂಚರ್ ಹನಿಗಳಲ್ಲೂ ಆಲ್ಕೋಹಾಲ್ ತುಂಬಾ ಇರುತ್ತದೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಲೇಬಲ್ ಓದಿಸಿಕೊಳ್ಳಿ.

ಪ್ಲಮ್ ಕೇಕಿನ ಲೆಕ್ಕ ಸ್ವಲ್ಪ ಬೇರೆ. ಬೇಯಿಸಿದರೆ ಎಲ್ಲ ಹಾರಿಹೋಗುತ್ತದೆ ಎಂಬುದು ಸುಳ್ಳು. ಕಾಲು ಗಂಟೆ ಬೇಯಿಸಿದರೆ ಶೇಕಡಾ 40ರಷ್ಟು, ಒಂದು ಗಂಟೆ ಬೇಯಿಸಿದರೂ ಕಾಲು ಭಾಗ ಉಳಿಯುತ್ತದೆ. ಬೇಯಿಸಿದ ಮೇಲೆ ವಾರಕ್ಕೊಮ್ಮೆ ರಮ್ ಕುಡಿಸುವ ಕೇಕಾದರೆ ಸುರಿದದ್ದೆಲ್ಲ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿದ ಕೇಕು ಈಗ ಎಲ್ಲ ಕಡೆ ಸಿಗುತ್ತದೆ, ಕೇಳಿ ತನ್ನಿ. ಕಳ್ಳು ಬೇಡ, ಅದರ ಕಡುಪು ಇಳಿಸಿದವರಿಗೂ ಗೊತ್ತಿರುವುದಿಲ್ಲ. ಬೆಳಗ್ಗೆ ಸಿಹಿಯಾಗಿದ್ದ ನೀರಾ ತಣ್ಣಗಿಡದಿದ್ದರೆ ಕೆಲವೇ ಗಂಟೆಯಲ್ಲಿ ಹುಳಿ ತಿರುಗಿ ಕಳ್ಳಾಗುತ್ತದೆ. 'ಆಲ್ಕೋಹಾಲ್ ರಹಿತ' ಬಿಯರ್‌ನಲ್ಲಿ 0.5% ತನಕ ಇರಬಹುದು. ಇಡ್ಲಿ ಹಿಟ್ಟು, ಮೊಸರು, ಕೈಗೆ ಹಚ್ಚುವ ಸ್ಯಾನಿಟೈಸರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕೊಡಗು, ಮಂಗಳೂರು ಕಡೆಯ ಕೆಲವು ಮನೆಗಳಲ್ಲಿ ಬಾಣಂತಿಗೆ ಬ್ರಾಂಡಿ ಕೊಡುವ ರೂಢಿ ಇದೆ. ಮೈ ಬೆಚ್ಚಗಾಗಲಿ, ನಿದ್ದೆ ಬರಲಿ ಎಂದು. ಬೆಚ್ಚಗಾದಂತೆ ಅನಿಸುವುದು ನಿಜ, ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಆದರೆ ಅದರಿಂದ ಒಳಗಿನ ಕಾವು ಹೊರಗೆ ಹೋಗುತ್ತದೆ, ಒಳಗೆ ಸೇರುವುದಿಲ್ಲ. ದೊಡ್ಡ ಚಮಚ 15 ಮಿ.ಲೀ., ಅದರಲ್ಲಿ 5 ಗ್ರಾಂ. ಎರಡು ಚಮಚಕ್ಕೆ ಒಂದು ಸ್ಮಾಲ್ ಆಯಿತು. ಸಿಸೇರಿಯನ್ ಆದವರಿಗೆ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಆ ಔಷಧಿಯ ಚೀಟಿಯಲ್ಲೇ ಮದ್ಯ ಕೂಡದು ಎಂದಿರುತ್ತದೆ, ವಾಂತಿ, ಎದೆಬಡಿತ, ತಲೆನೋವು ಬರಬಹುದು ಎಂದು. ನಿದ್ದೆ ತರಿಸುವ ನೋವಿನ ಮಾತ್ರೆಗಳ ಜೊತೆಗೂ ಕೂಡದು. "ಅತ್ತೆ, ನಂಗೆ ಬೇಡ" ಎಂದರೆ ವಾದವಾಗುತ್ತದೆ. ಡಿಸ್ಚಾರ್ಜ್ ಆಗುವ ದಿನ ಡಾಕ್ಟರ ಹತ್ತಿರ "ಬ್ರಾಂಡಿ, ವೈನ್ ಕೊಡಬಾರದು" ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ, "ಅತ್ತೆ, ಡಾಕ್ಟ್ರು ಬರೆದಿದ್ದಾರೆ, ನೋಡಿ" ಎಂದು ತೋರಿಸಿದರೆ ಮುಗಿಯಿತು.

ಹಸುಗೂಸಿಗೆ ಬ್ರಾಂಡಿ ಹನಿ ಹಾಕುವುದಂತೂ ಯಾವ ಕಾರಣಕ್ಕೂ ಇಲ್ಲ. 3 ಕೆ.ಜಿ. ಮಗುವಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಕೊಟ್ಟರೆ ಅದರ ರಕ್ತದಲ್ಲಿ 100 ಮಿ.ಲೀ.ಗೆ ಸುಮಾರು 80 ಮಿ.ಗ್ರಾಂ. ಆಲ್ಕೋಹಾಲ್ ಸೇರುತ್ತದೆ. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿಯೇ 30. ಮಗುವಿನ ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರಬಹುದು, ಉಸಿರು ನಿಧಾನವಾಗಬಹುದು. ನೆಗಡಿ, ಜ್ವರಕ್ಕೆ ಎದೆಗೆ ಬ್ರಾಂಡಿ ಉಜ್ಜುವುದೂ ಬೇಡ, ಎಳೆಯ ಚರ್ಮದ ಮೂಲಕವೂ ಆವಿಯ ಮೂಲಕವೂ ಒಳಗೆ ಹೋಗುತ್ತದೆ.

ಎದೆಹಾಲಿನ ವಿಷಯಕ್ಕೆ ಬಂದರೆ ಗಡಿಯಾರ ಕೆಲಸ ಮಾಡುತ್ತದೆ. ಕುಡಿಯದೆ ಇರುವುದೇ ಒಳ್ಳೆಯದು ನಿಜ, ಆದರೆ ಯಾವಾಗಲೋ ಒಂದು ಸಲ ಕುಡಿದ ತಾಯಿ ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ. ರಕ್ತದಲ್ಲಿ ಎಷ್ಟಿರುತ್ತದೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅತಿ ಹೆಚ್ಚು, ಊಟದ ಜೊತೆಗಾದರೆ ಇನ್ನೂ ಸ್ವಲ್ಪ ತಡ. ಆಮೇಲೆ ರಕ್ತದಲ್ಲಿ ಇಳಿದಂತೆ ಹಾಲಿನಿಂದಲೂ ವಾಪಸ್ ಹೋಗುತ್ತದೆ. ಅದಕ್ಕೇ ಹಿಂಡಿ ಚೆಲ್ಲಿದರೆ ಬೇಗ ಶುದ್ಧವಾಗುವುದಿಲ್ಲ, ರಕ್ತದಲ್ಲಿ ಇರುವವರೆಗೆ ಹೊಸದಾಗಿ ಬರುವ ಹಾಲಿನಲ್ಲೂ ಇರುತ್ತದೆ. ಎದೆ ಕಟ್ಟಿ ನೋವಾದರೆ ಮಾತ್ರ ಹಿಂಡಿ, ಆ ಹಾಲನ್ನು ಚೆಲ್ಲಿ. ಕಾಫಿ, ನೀರು, ಸ್ನಾನ, ನಿಂಬೆರಸ ಯಾವುದೂ ಇದನ್ನು ಚುರುಕು ಮಾಡುವುದಿಲ್ಲ.

ಅಮೆರಿಕದ ಲೇಖನಗಳಲ್ಲಿ "ಒಂದು ಡ್ರಿಂಕ್‌ಗೆ ಎರಡು ಗಂಟೆ" ಎಂದು ಓದಿ ಅದನ್ನೇ ಇಲ್ಲಿಗೆ ಹಾಕಬೇಡಿ. ಅವರ ಡ್ರಿಂಕ್ 14 ಗ್ರಾಂ, ನಮ್ಮ ಲಾರ್ಜ್ 20, ಮೇಲಾಗಿ ನಮ್ಮ ಹೆಣ್ಣುಮಕ್ಕಳ ತೂಕ ಕಡಿಮೆ. 50 ಕೆ.ಜಿ. ತೂಕದವರಿಗೆ ಒಂದು ಸ್ಮಾಲ್ ಇಳಿಯಲು ಎರಡೂವರೆ ಗಂಟೆ, ಲಾರ್ಜ್‌ಗೆ ಐದು, ಒಂದು ಸ್ಟ್ರಾಂಗ್ ಬಿಯರ್‌ಗೆ ಹತ್ತು, ಕ್ವಾರ್ಟರ್‌ಗೆ ಹದಿನೈದು ಗಂಟೆ ಎಂದಿಟ್ಟುಕೊಳ್ಳಿ. ಒಂದರ ಮೇಲೊಂದು ಕುಡಿದರೆ ಗಂಟೆಗಳನ್ನು ಕೂಡಿಸಬೇಕು. ಮದುವೆ ಮನೆಗೋ ಪಾರ್ಟಿಗೋ ಹೋಗುವ ಮುಂಚೆ ಹಾಲು ಹಿಂಡಿ ಇಡಿ. 25 ಡಿಗ್ರಿ ತನಕದ ಹೊರಗಿನ ಬಿಸಿಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿಡುವ ಮಾತೇ ಇಲ್ಲ. ಒಳಲೆಯಲ್ಲೋ ಚಮಚದಲ್ಲೋ ಮನೆಯವರು ಕುಡಿಸಲಿ. ಮೊದಲ ಮೂರು ತಿಂಗಳು ಈ ಎಚ್ಚರ ಇನ್ನೂ ಬಿಗಿಯಾಗಿರಲಿ, ಮಗುವಿನ ಲಿವರ್ ಆಗ ತೀರಾ ನಿಧಾನ.

ಬಿಯರ್ ಕುಡಿದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಹಲವು ದೇಶಗಳಲ್ಲಿ ಇದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂಪ್ 1991ರಲ್ಲಿ ಅಳೆದು ನೋಡಿದಾಗ, ತಾಯಿ ಕುಡಿದ ನಂತರದ ಗಂಟೆಗಳಲ್ಲಿ ಶಿಶುಗಳು ಕುಡಿದ ಹಾಲು ಕಡಿಮೆಯಾಗಿತ್ತು. ಮದ್ಯ ಆಕ್ಸಿಟೋಸಿನ್ ಅನ್ನು ತಗ್ಗಿಸುತ್ತದೆ, ಎದೆಯಿಂದ ಹಾಲು ಇಳಿಸುವುದು ಅದೇ ಹಾರ್ಮೋನ್.

ಹಾಲಿನ ಮೂಲಕ ಮಗುವಿಗೆ ಹೋಗುವ ಪ್ರಮಾಣಕ್ಕಿಂತ ದೊಡ್ಡ ಅಪಾಯ ಹಾಸಿಗೆಯಲ್ಲಿದೆ. ತಾಯಿಯ ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ. ಆಲ್ಕೋಹಾಲ್ ಇದ್ದಾಗ 100 ಮಿ.ಲೀ. ಹಾಲಿನಲ್ಲಿ ಮಗುವಿಗೆ ಸಿಗುವುದು 0.05 ಗ್ರಾಂ. ಆದರೆ ಅದೇ ಹೊತ್ತಿನಲ್ಲಿ ತಾಯಿ ಮಗ್ಗುಲು ಬದಲಿಸುವಾಗ ಪಕ್ಕದಲ್ಲಿ ಮಗು ಇದೆ ಎಂಬ ಎಚ್ಚರ ಇರುವುದಿಲ್ಲ. ನಮ್ಮಲ್ಲಿ ಮಗು ಪಕ್ಕದಲ್ಲೇ ಮಲಗುವುದು, ಅದು ತಪ್ಪಲ್ಲ. ಆದರೆ ತಾಯಿಯೋ ತಂದೆಯೋ ಕುಡಿದ ರಾತ್ರಿ ಮಗು ಅದೇ ಹಾಸಿಗೆಯಲ್ಲಿ ಮಲಗಬಾರದು, ತೊಟ್ಟಿಲಿಗೆ ಹಾಕಿ ಅಥವಾ ಕುಡಿಯದವರ ಕೋಣೆಯಲ್ಲಿ ಬೇರೆ ಹಾಸಿಗೆ ಹಾಸಿ. ಸೋಫಾದಲ್ಲಿ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ನಿದ್ದೆಹೋಗುವುದು ಅದಕ್ಕಿಂತಲೂ ಅಪಾಯ.

ದಿನಾ ಕುಡಿಯುವ ಅಭ್ಯಾಸವಿರುವ ಬಸುರಿಯನ್ನು ಕೋಣೆಯಲ್ಲಿ ಕೂರಿಸಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೊನೆಯ ಪೆಗ್ ಆದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಜ್ವರ. ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆಸ್ಪತ್ರೆಯಲ್ಲಿ ಸೇರಿಸಿ, ಥಯಾಮಿನ್ (ವಿಟಮಿನ್ ಬಿ1) ಮತ್ತು ನಡುಕ ತಡೆಯುವ ಔಷಧಿಗಳನ್ನು ಅಳೆದು ಕೊಟ್ಟು ಬಿಡಿಸುತ್ತಾರೆ. ಕುಡಿತ ಬಿಡಿಸುವ ಪುಡಿ ಎಂದು ಮಾರುವುದನ್ನು ಊಟದಲ್ಲಿ ಗುಟ್ಟಾಗಿ ಬೆರೆಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ವ್ಯಸನಮುಕ್ತಿ ಸಹಾಯವಾಣಿ 14446. ಕರೆ ಮಾಡಿದಾಗ ಎಷ್ಟನೇ ತಿಂಗಳು, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಎಂಬ ಮೂರನ್ನೂ ಮೊದಲೇ ಹೇಳಿಬಿಡಿ. ನಡುಕ ಆಗಲೇ ಶುರುವಾಗಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಹೇಳಿ ಹೆರಿಗೆ ವಿಭಾಗವಿರುವ ಆಸ್ಪತ್ರೆಗೇ ಕರೆದೊಯ್ಯಿರಿ.